ಗಿರಣಿ ತಿರುವಿನ ಹಾರ್ನ್

ಕೊಟ್ಟೂರಿನಲ್ಲಿ ನಮ್ಮ ಓಣಿಗೆ ಬರಬೇಕಾದರೆ ಹಿಟ್ಟಿನ ಗಿರಣಿಯ ಗೋಡೆಯನ್ನು ಸುತ್ತಿಕೊಂಡೇ ಬರಬೇಕು. ಅಲ್ಲಿ ದಾರಿ ಮೊಣಕೈ ಮಡಿಸಿದ ಹಾಗೆ ತಿರುಗುತ್ತದೆ. ಆ ಕಡೆಯಿಂದ ಬರುವವರು ಈ ಕಡೆಯವರಿಗೆ ಕಾಣುವುದಿಲ್ಲ. ನಮ್ಮ ಮನೆಯವರು ಟ್ರ್ಯಾಕ್ಸ್ ಗಾಡಿ ಓಡಿಸುತ್ತಿದ್ದರು. ದಿನಾ ಉಜ್ಜಿನಿಗೆ ಹೋಗಿ ಬರುವುದು, ಸಂತೆಯ ದಿನ ಕೂಡ್ಲಿಗಿ, ಮದುವೆ ದಿಬ್ಬಣ ಸಿಕ್ಕರೆ ಕಾನಹೊಸಹಳ್ಳಿಯ ತನಕ. ಮಧ್ಯಾಹ್ನ ಊಟಕ್ಕೆ ಬರುವಾಗ ಆ ತಿರುವಿನಲ್ಲಿ ಹಾರ್ನ್ ಬಾರಿಸುತ್ತಿದ್ದರು. ಎರಡು ಗಿಡ್ಡ, ಒಂದು ಉದ್ದ. ಎದುರಿಗೆ ಬರುವವರಿಗೆ ಅದು ದಾರಿ ಬಿಡಿ ಎಂಬ ಮಾತು. ನನಗೆ ಮಾತ್ರ ರೊಟ್ಟಿ ಹಾಕು ಎಂಬ ಮಾತು.

ಮಾಡಿಟ್ಟ ರೊಟ್ಟಿ ಅವರಿಗೆ ಸೇರುತ್ತಿರಲಿಲ್ಲ. ಹಾರ್ನ್ ಕೇಳಿದ ಮೇಲೆ ನಾನು ಹಿಟ್ಟಿಗೆ ಕೈ ಹಚ್ಚಬೇಕು. ಅವರು ಗಾಡಿ ನಿಲ್ಲಿಸಿ, ಟೈರುಗಳನ್ನು ಒಂದೊಂದು ಸಲ ಒದ್ದು ನೋಡಿ, ಕೈಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಎಳೆದುಕೊಂಡು ಕೂರುವ ಹೊತ್ತಿಗೆ ರೊಟ್ಟಿ ಹಂಚಿನ ಮೇಲೆ ಉಬ್ಬಿ ಗಂಗಾಳಕ್ಕೆ ಬರಬೇಕು. ಹೀಗೆ ಮಾಡೋಣ ಎಂದು ನಾವು ಯಾವತ್ತೂ ಕೂತು ಮಾತಾಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಯಾವಾಗಲೋ ಶುರುವಾಯಿತು, ನಡೆದುಕೊಂಡು ಬಂತು. ಅವರು ಬಾಯಿಂದ ಹಸಿವು ಎಂದದ್ದು ನನಗೆ ನೆನಪಿಲ್ಲ.

ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಖಾಸಿಂ ಸಾಬರದು. ಅವರು ಗಾಡಿ ಮೆಕ್ಯಾನಿಕ್. ಅವರ ಗ್ಯಾರೇಜು ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿದೆ. ಅವರ ಹೆಂಡತಿ ಲಾಲ್ ಬೀ ಮತ್ತು ನಾನು ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು.

"ನೀಲಕ್ಕ, ನಿನ್ನ ಗಂಡ ಹಾರ್ನ್ ಹೊಡದ್ರ ನಮ್ಮನಿ ಬೆಕ್ಕೂ ಊಟಕ್ಕ ಏಳತೈತಿ ನೋಡು," ಎನ್ನುತ್ತಿದ್ದಳು ಲಾಲ್ ಬೀ.

ಅವಳ ಕಡೆಯ ಮಗಳು ಗುಲಫಶಾ. ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡುವ ವಯಸ್ಸಿನಲ್ಲಿ ಇವಳು ಶಾಲೆಯ ಚೀಲವನ್ನು ನಮ್ಮ ಕಟ್ಟೆಯ ಮೇಲೆ ಒಗೆದು ಅಪ್ಪನ ಗ್ಯಾರೇಜಿಗೆ ಓಡುತ್ತಿದ್ದಳು. ಗಾಡಿಯ ಕೆಳಗೆ ಮಲಗಿದ ಅಪ್ಪ ಕೈ ಚಾಚಿದರೆ ಸಾಕು, ಕೇಳುವ ಮೊದಲೇ ಬೇಕಾದ ಪಾನಾ ಅವರ ಕೈಯಲ್ಲಿ ಇಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಅವಳ ಲಂಗದ ತುಂಬ ಗ್ರೀಸು. ಲಾಲ್ ಬೀ ಬಚ್ಚಲಲ್ಲಿ ಅವಳನ್ನು ತಿಕ್ಕುತ್ತ, ಇದು ಹುಡುಗಿಯೋ ಬೇರಿಂಗೋ ಎಂದು ಬೈಯುತ್ತಿದ್ದಳು.

ನಮ್ಮ ಟ್ರ್ಯಾಕ್ಸ್ ರಿಪೇರಿಗೆ ಅಲ್ಲಿಗೇ ಹೋಗುತ್ತಿತ್ತು. ಒಂದು ಬೇಸಗೆ, ಅವಳು ಎಂಟನೆಯ ಕ್ಲಾಸು ಮುಗಿಸಿದ್ದಳು, ನಮ್ಮ ಮನೆಯವರು ಅವಳನ್ನು ಗಾಡಿಗೆ ಹತ್ತಿಸಿಕೊಂಡು ಕೆರೆಯ ಅಂಗಳಕ್ಕೆ ಹೋದರು. ನೀರು ಬತ್ತಿದ ಮೇಲೆ ಆ ಅಂಗಳ ಗಟ್ಟಿ ನೆಲ, ಕುರಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಸ್ಟೇರಿಂಗ್ ಹಿಡಿಯಬಹುದು ಎಂದು ಹುಡುಗಿ ಮುಂದೆ ಹೋಗಿ ಕೂತಿದ್ದಳು. ಅವರು ಅವಳನ್ನು ಎಬ್ಬಿಸಿ ಹಿಂದಿನ ಸೀಟಿಗೆ ಕಳಿಸಿದರಂತೆ.

"ಮದಲು ಹಿಂದ ಕುಂದ್ರು. ಹಿಂದ ಕುಂತೋರ ಸೊಂಟ ಹೆಂಗ ನೋಯ್ತೈತಿ ಗೊತ್ತಾದ ಮ್ಯಾಲೆ ಮುಂದ ಬಾ."

ಆಮೇಲೆ ಬೇಕೆಂದೇ ಗುಂಡಿಗಳ ಮೇಲೆ ಓಡಿಸಿ, ಗಕ್ಕನೆ ಬ್ರೇಕು ಹಾಕಿ, ಅವಳನ್ನು ಸೊಪ್ಪಿನ ಕಟ್ಟಿನ ಹಾಗೆ ಕುಲುಕಿ ಮನೆಗೆ ಕರೆತಂದರು. ಮೊದಲ ದಿನದ ಪಾಠ ಅಷ್ಟೇ. ಹುಡುಗಿ ಅಳುಮುಖ ಮಾಡಿಕೊಂಡು ನಮ್ಮ ಅಡುಗೆಮನೆಗೆ ಬಂದಳು. "ದೊಡ್ಡಮ್ಮ, ದೊಡ್ಡಪ್ಪಗ ಗಾಡಿ ಓಡ್ಸಾಕ ಬರಂಗಿಲ್ಲ," ಎಂದಳು. ನನಗೆ ನಕ್ಕು ನಕ್ಕು ಸಾಕಾಯಿತು.

ಆ ಬೇಸಗೆ ಮುಗಿಯುವುದರೊಳಗೆ ಅವಳಿಗೆ ಗಾಡಿ ಓಡಿಸಲು ಬಂತು. ಖಾಸಿಂ ಸಾಬರು ಕಟ್ಟೆಗೆ ಬಂದು ಕೂತು ಗೊಣಗಿದರು.

"ಮರುಳಣ್ಣ, ಹುಡಿಗಿಗೆ ಗಾಡಿ ಕಲಿಸಿ ಏನ್ ಮಾಡ್ತೀರಿ? ನಾಳಿ ಲಗ್ನಾದ ಮ್ಯಾಲೆ ಅಡಿಗಿಮನ್ಯಾಗ ಗೇರ್ ಹಾಕ್ತಾಳೇನು?"

"ಹಾಕ್ಲಿ ಬಿಡು ಖಾಸಿಂ. ರಿವರ್ಸ್ ಬೀಳದಿದ್ರ ಆತು," ಎಂದರು ಇವರು.

ಅವರು ಕಲಿಸಿದ್ದರಲ್ಲಿ ಒಂದು ಮಾತು ನನಗೂ ಕೇಳಿಸುವ ಹಾಗೆ ನಮ್ಮ ಬಾಗಿಲಲ್ಲೇ ನಡೆಯಿತು. ಹುಡುಗಿಗೆ ಹಾರ್ನ್ ಎಂದರೆ ಹುಚ್ಚು. ನಾಯಿ ಕಂಡರೂ ಬಾರಿಸುತ್ತಿದ್ದಳು, ನೊಣ ಕಂಡರೂ ಬಾರಿಸುತ್ತಿದ್ದಳು. ಇವರು ಅವಳ ಕೈ ಹಿಡಿದು ಸ್ಟೇರಿಂಗಿನಿಂದ ತೆಗೆದರು.

"ಕಂಡಕಂಡಲ್ಲಿ ಬಾರಿಸಬ್ಯಾಡ. ಗಿರಣಿ ತಿರುವಿನ್ಯಾಗ ಮಾತ್ರ ಮರಿಬ್ಯಾಡ. ಎರಡು ಗಿಡ್ಡ, ಒಂದು ಉದ್ದ. ನಿಮ್ಮ ದೊಡ್ಡಮ್ಮ ಒಳಗ ಕಾಯ್ತಿರ್ತಾಳ."

ನಾನು ಒಳಗೆ ಒಲೆಯ ಮುಂದೆ ಇದ್ದೆ. ಕಾಯುತ್ತೇನೆ ಎನ್ನುವುದು ಅವರಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಾದದ್ದು ಆವತ್ತೇ.

ಹದಿನೆಂಟು ತುಂಬಿದ ವರ್ಷ ಹೊಸಪೇಟೆಗೆ ಹೋಗಿ ಲೈಸೆನ್ಸು ತಂದಳು. ಇವರಿಗೆ ಮೊಣಕಾಲು ನೋವು ಶುರುವಾಗಿತ್ತು. ಕ್ಲಚ್ ತುಳಿಯುವುದಾಗದ ದಿನ ಅವಳೇ ಉಜ್ಜಿನಿಗೆ ಗಾಡಿ ಹೊಡೆಯುತ್ತಿದ್ದಳು, ಇವರು ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅಮಾವಾಸ್ಯೆಗೆ ಉಜ್ಜಿನಿಗೆ ಹೋಗುವ ಹೆಂಗಸರು ಬೇರೆ ಗಾಡಿ ಬಿಟ್ಟು ಇದಕ್ಕೇ ಕಾಯುತ್ತಿದ್ದರು. ಹುಡುಗಿಯ ಗಾಡಿಯಲ್ಲಿ ಸೊಂಟ ನೋಯುವುದಿಲ್ಲ ಎಂದು ಅವರ ಮಾತು. ಸ್ಟ್ಯಾಂಡಿನಲ್ಲಿ ಯರ್ರಿಸ್ವಾಮಿ ಎಂಬ ಇನ್ನೊಬ್ಬ ಡ್ರೈವರು ಇವರನ್ನು ಕೆಣಕುತ್ತಿದ್ದನಂತೆ.

"ಏನಣ್ಣ, ಸೀಟು ಬಿಟ್ಕೊಟ್ಟಿ. ಮೀಸೀನೂ ಕೊಟ್ಟುಬಿಟ್ಯಾ ಹೆಂಗ?"

"ಮೀಸಿ ನನಗ ಇರ್ಲಿ ಯರ್ರಿ. ಅದಕ್ಕ ಲೈಸೆನ್ಸ್ ಕೇಳಂಗಿಲ್ಲಲ್ಲ."

ಅವರಿಗೆ ಎದೆನೋವು ಬಂದದ್ದು ಒಂದು ಬೆಳಿಗ್ಗೆ, ನಾಷ್ಟಾ ಮುಗಿಸಿ ಚಪ್ಪಲಿ ಮೆಟ್ಟುವಾಗ. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅವರ ತಲೆ. ಮುಂದೆ ಗುಲಫಶಾ. ಹರಪನಹಳ್ಳಿ ದಾಟಿ ದಾವಣಗೆರೆಗೆ ಹೋಗಬೇಕು. ಆ ದಾರಿಯಲ್ಲಿ ಎಷ್ಟು ಗುಂಡಿಗಳಿವೆ ಎಂದು ಎಲ್ಲರಿಗೂ ಗೊತ್ತು. ನನಗೆ ಒಂದೂ ತಿಳಿಯಲಿಲ್ಲ. ಹರಪನಹಳ್ಳಿ ದಾಟಿದ ಮೇಲೆ ಅವರು ಒಂದು ಸಲ ಕಣ್ಣು ತೆರೆದು, "ಗೇರ್ ಇಳಸವ್ವ, ಏರು ಐತಿ," ಎಂದರು. ಅವಳು ಇಳಿಸಿದಳು. ಸಂಜೆಗೆ ಆಸ್ಪತ್ರೆಯಲ್ಲಿ ಎಲ್ಲ ಮುಗಿಯಿತು. ಅವರು ಕಡೆಯದಾಗಿ ಮಾತಾಡಿದ್ದು ನನ್ನ ಜೊತೆ ಅಲ್ಲ, ಅವಳ ಜೊತೆ. ಅದಕ್ಕೆ ನನಗೇನೂ ಬೇಸರವಿಲ್ಲ.

ಗಾಡಿ ಖಾಸಿಂ ಸಾಬರ ಗ್ಯಾರೇಜಿನಲ್ಲಿ ನಿಂತಿತು. ನನ್ನ ಮಗ ಗುರುಶಾಂತನಿಗೆ ಬೀಜ-ಗೊಬ್ಬರದ ಅಂಗಡಿ, ಗಾಡಿಯ ಗೊಡವೆ ಅವನಿಗೆ ಬೇಡ. ಮಾರೋಣ ಎಂದು ಅಪ್ಪನ ದಿನವಾರಗಳೆಲ್ಲ ಮುಗಿದ ಮೇಲೆ ಮಾತು ತೆಗೆದ. ಒಂದು ದಿನ ಯಾರೋ ನೋಡಲು ಬರುತ್ತಾರೆ ಎಂದು ಗುಲಫಶಾ ಗಾಡಿಯನ್ನು ತೊಳೆದು ನಮ್ಮ ಬಾಗಿಲಿಗೆ ತರುತ್ತಿದ್ದಳು. ಮಧ್ಯಾಹ್ನದ ಹೊತ್ತು. ನಾನು ಒಳಗೆ ಅವರೆಕಾಳು ಆರಿಸುತ್ತಿದ್ದೆ.

ಗಿರಣಿ ತಿರುವಿನಲ್ಲಿ ಹಾರ್ನ್ ಕೇಳಿತು. ಎರಡು ಗಿಡ್ಡ, ಒಂದು ಉದ್ದ.

ನಾನು ಎದ್ದಿದ್ದೆ. ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ನನ್ನ ಕೈಯಲ್ಲಿತ್ತು. ಆಮೇಲೆ ನೆನಪಾಯಿತು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಗುಲಫಶಾ ಗಾಡಿ ಇಳಿದು ಒಳಗೆ ಬಂದಳು.

"ದೊಡ್ಡಮ್ಮ, ನಾ ಬಾರಿಸ್ಲಿಲ್ಲ. ಕೈ ತಾನ ಹೋತು," ಎಂದಳು.

ನಾನು ಹಿಟ್ಟು ತೆಗೆದೆ, ನೀರು ಕಾಯಲು ಇಟ್ಟೆ. "ಕೈಕಾಲು ತೊಳಕಂಬಾ. ನಾಳಿನೂ ಬಾರಿಸು," ಎಂದೆ.

ಗಾಡಿ ಮಾರಲಿಲ್ಲ. ಅವಳೇ ಓಡಿಸಿದಳು. ದಿನಾ ಮಧ್ಯಾಹ್ನ ಹಾರ್ನ್ ಬರುತ್ತಿತ್ತು, ದಿನಾ ನಾನು ಹಿಟ್ಟಿಗೆ ಕೈ ಹಚ್ಚುತ್ತಿದ್ದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು. ಅವಳೂ ಅವರ ಹಾಗೆಯೇ ಮೊದಲ ರೊಟ್ಟಿಯನ್ನು ಮಾತಾಡದೆ ತಿನ್ನುತ್ತಿದ್ದಳು, ಎರಡನೆಯದಕ್ಕೆ ಬಾಯಿ ಬಿಡುತ್ತಿದ್ದಳು. ಉಜ್ಜಿನಿಯ ಸುದ್ದಿ, ಸ್ಟ್ಯಾಂಡಿನ ಜಗಳ, ಯಾರ ಸೊಸೆ ತವರಿಗೆ ಹೋದಳು ಎಂಬುದೆಲ್ಲ ಆಗ ಬರುತ್ತಿತ್ತು. ಹಾಗೆ ಒಂದು ವರ್ಷ ಕಳೆಯಿತು, ಮೇಲೂ ಸ್ವಲ್ಪ.

ಆಮೇಲೆ ಹಗರಿಬೊಮ್ಮನಹಳ್ಳಿಯಿಂದ ಸಂಬಂಧ ಬಂತು. ಹುಡುಗ ಬಾಷಾ, ಮಸ್ಕತ್ತಿನಲ್ಲಿ ಏಸಿ ರಿಪೇರಿ ಕೆಲಸ. ಒಳ್ಳೆಯ ಹುಡುಗ, ಕಣ್ಣೆತ್ತಿ ಮಾತಾಡುವುದಕ್ಕೂ ನಾಚಿಕೆ. ಅವಳು ಗಾಡಿ ಓಡಿಸುತ್ತಾಳೆ ಎಂದು ಕೇಳಿ ಅವನ ಮನೆಯವರು ಹಿಂದೆ ಮುಂದೆ ನೋಡಿದರು. ಅವನು ಮಾತ್ರ, "ನನಗ ಬರಂಗಿಲ್ಲ, ಮನ್ಯಾಗ ಒಬ್ರಿಗರ ಬರ್ಲಿ," ಎಂದನಂತೆ. ಆ ಒಂದು ಮಾತಿಗೆ ನಾನೂ ಲಾಲ್ ಬೀಯೂ ಒಪ್ಪಿಬಿಟ್ಟೆವು. ಮದುವೆಯಾಗಿ ಮಸ್ಕತ್ತಿಗೆ ಹೊರಡುವ ದಿನ ಅವಳು ನಮ್ಮ ಮನೆಗೆ ಬಂದಳು. ಟ್ರ್ಯಾಕ್ಸಿನ ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದಳು.

ಮಸ್ಕತ್ತಿನ ಮನೆಯನ್ನು ನಾನು ಫೋನಿನಲ್ಲಿ ನೋಡಿದ್ದೇನೆ. ಮೂರನೆಯ ಮಾಳಿಗೆ. ಕಿಟಕಿಯ ಆಚೆ ಬೋಳು ಗುಡ್ಡ, ಒಂದು ಹುಲ್ಲುಕಡ್ಡಿಯೂ ಇಲ್ಲ. ಕೆಳಗೆ ಅಗಲವಾದ ರಸ್ತೆ, ಇರುವೆ ಸಾಲಿನ ಹಾಗೆ ಕಾರುಗಳು.

"ಕಿಟಕಿ ತಗದ್ರ ಒಲಿ ಮುಂದ ಕುಂತಂಗ ದೊಡ್ಡಮ್ಮ. ಮುಚ್ಚಿದ್ರ ಏನೂ ಕೇಳಂಗಿಲ್ಲ. ಇಷ್ಟು ಗಾಡಿ ಅದಾವ, ಒಂದಕ್ಕೂ ಬಾಯಿಲ್ಲ."

ಬಾಷಾ ಬೆಳಿಗ್ಗೆ ಕಂಪನಿಯ ಗಾಡಿಯಲ್ಲಿ ಹೋದರೆ ಕತ್ತಲಾದ ಮೇಲೆ ಬರುವುದು. ಬಿಸಿಲಲ್ಲಿ ನಡೆದು ಅಂಗಡಿಗೂ ಹೋಗುವ ಹಾಗಿಲ್ಲ. ನಮ್ಮ ಹೊಸಪೇಟೆಯ ಲೈಸೆನ್ಸು ಅಲ್ಲಿ ನಡೆಯುವುದಿಲ್ಲ. ಏನೂ ಬಾರದವರ ಹಾಗೆ ಮೊದಲಿನಿಂದ ಕಲಿತು, ಪೊಲೀಸರ ಮುಂದೆ ಓಡಿಸಿ ತೋರಿಸಬೇಕು. ಅಲ್ಲಿ ಸ್ಟೇರಿಂಗ್ ಎಡಕ್ಕೆ, ಗಾಡಿ ಹೋಗುವುದು ರಸ್ತೆಯ ಬಲಕ್ಕೆ. ಇಷ್ಟು ವರ್ಷ ಗಾಡಿ ಓಡಿಸಿದ ಹುಡುಗಿ ಫೋನಿನಲ್ಲಿ ಕೂತು, "ಇಲ್ಲಿ ನಾನು ಪ್ಯಾಸಿಂಜರ್, ಅಷ್ಟ," ಎನ್ನುತ್ತಿದ್ದಳು. ಅವಳ ಕಟ್ಟಡದ ಕೆಳಗೇ ಸಣ್ಣ ಮಕ್ಕಳ ಶಾಲೆಯೊಂದಿದೆ. ನಡೆಸುವವರು ಮಂಗಳೂರು ಕಡೆಯ ಟೀಚರಮ್ಮ. ಮಕ್ಕಳನ್ನು ಮನೆಗೆ ಬಿಡುವ ಗಾಡಿಗೆ ಅವರಿಗೆ ಹೆಂಗಸೇ ಬೇಕಾಗಿತ್ತು. ಲೈಸೆನ್ಸು ತೆಗೆದುಕೊಂಡು ಬಾ, ಕೆಲಸ ನಿನ್ನದೇ, ಆದರೆ ರಂಜಾನ್ ಮುಗಿಯುವ ತನಕ ಮಾತ್ರ ಕಾಯುತ್ತೇನೆ ಎಂದಿದ್ದರು. ಆ ಮಾತು ಹೇಳಿದ ದಿನ ಗುಲಫಶಾಳ ದನಿ ನಮ್ಮ ಅಡುಗೆಮನೆಯಲ್ಲಿ ಎರಡನೆಯ ರೊಟ್ಟಿ ತಿನ್ನುವಾಗ ಇರುತ್ತಿದ್ದ ಹಾಗೆ ಇತ್ತು.

ಕಲಿಸಲು ಬಂದವಳು ಜಮೀಲಾ ಎಂಬ ಅಲ್ಲಿಯವಳೇ ಹೆಂಗಸು. ಉರ್ದು ಬಲ್ಲವಳು, ಹಾಗಾಗಿ ಇಬ್ಬರಿಗೂ ಮಾತು ಹೊಂದಿತು. ಮೊದಲು ಡ್ರಮ್ಮುಗಳ ನಡುವೆ ಹಿಂದಕ್ಕೆ ಗಾಡಿ ಹೊಗಿಸುವ ಪರೀಕ್ಷೆ. ಗ್ಯಾರೇಜಿನಲ್ಲಿ ಬೆಳೆದವಳಿಗೆ ಅದೇನು, ಒಂದೇ ಸಲಕ್ಕೆ ಆಯಿತು. ಆಮೇಲೆ ಏರಿನ ಮೇಲೆ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಎಬ್ಬಿಸುವುದು. ಅದೂ ಆಯಿತು. ಉಳಿದದ್ದು ರಸ್ತೆಯ ಪರೀಕ್ಷೆ. ಪಕ್ಕದಲ್ಲಿ ಪೊಲೀಸ್ ಅಧಿಕಾರಿ ಕೂರುತ್ತಾನೆ, ಹೇಳಿದ ಕಡೆ ಓಡಿಸಬೇಕು.

ಆ ದಿನ ಫೋನು ಬಂದಾಗ ನಾನು ಪಾಸಾಯಿತು ಎಂದೇ ಎತ್ತಿದೆ.

"ಫೇಲ್ ಆತು ದೊಡ್ಡಮ್ಮ."

"ಯಾಕವ್ವ, ಎಡಬಲ ತಪ್ತೇನು?"

"ಅದೆಲ್ಲಾ ಸರಿ ಇತ್ತು. ಓಣ್ಯಾಗ ತಿರುಗಿಸು ಅಂದ. ತಿರುವಿಗೆ ಹಳದಿ ಬಣ್ಣದ ಗ್ವಾಡಿ, ಆ ಕಡಿ ಏನೂ ಕಾಣಂಗಿಲ್ಲ, ನಮ್ಮ ಗಿರಣಿ ಗ್ವಾಡಿ ಇದ್ದಂಗ. ಬಾರಿಸಿಬಿಟ್ಟೆ."

"ಎರಡು ಗಿಡ್ಡ..."

"ಒಂದು ಉದ್ದ. ಆತ ಗಾಡಿ ನಿಲ್ಸು ಅಂದ. ಯಾರನ್ನ ಕರದಿ ಅಂತ ಕೇಳಿದ."

ಹಿಂದೆ ಬಾಷಾನ ದನಿ ಕೇಳಿತು. "ಇಲ್ಲಿ ಹಾರ್ನ್ ಅಂದ್ರ ಬೈದಂಗ್ರೀ ದೊಡ್ಡಮ್ಮ. ಪೊಲೀಸನ್ನ ಕೂಡ್ರಿಸ್ಕಂಡು ಮೂರು ಸಲ ಬೈದಾಳ ನಿಮ್ಮ ಮಗಳು."

ಎಲ್ಲರೂ ನಕ್ಕೆವು. ಫೋನು ಇಟ್ಟ ಮೇಲೆ ನಾನು ಕಟ್ಟೆಗೆ ಹೋಗಿ ಕೂತೆ. ಅವಳು ಫೇಲಾದದ್ದಕ್ಕೆ ನೋವಿತ್ತು. ಆದರೂ ಕಣ್ಣು ಮುಚ್ಚಿದರೆ ನನಗೆ ಆ ಹಳದಿ ಗೋಡೆ, ಆ ಸದ್ದಿಲ್ಲದ ಊರು. ಅಂಥ ಊರಿನಲ್ಲಿ ಒಂದು ಸಲ ಅವರ ಹಾರ್ನ್ ಕೇಳಿತಲ್ಲ ಎಂದು ಎದೆ ತುಂಬಿ ಬಂತು. ಅಲ್ಲಿ ಯಾವ ಮನೆಯ ಹೆಂಗಸಿಗೂ ಅದು ತಿಳಿದಿರುವುದಿಲ್ಲ. ಯಾರೂ ಎದ್ದು ಡಬ್ಬಿಯ ಮುಚ್ಚಳ ತೆಗೆದಿರುವುದಿಲ್ಲ.

ಎರಡನೆಯ ಸಲ ಬೇರೆ ಅಧಿಕಾರಿ, ಬೇರೆ ಓಣಿ. ಬಾರಿಸಬಾರದು ಎಂದು ಅವಳು ಹಲ್ಲು ಕಚ್ಚಿಕೊಂಡು ಹೋಗಿದ್ದಳು. ತಿರುವು ಬಂದಾಗ ಕೈ ಎದ್ದಿತು. ತಡೆದಳು. ತಡೆಯುವ ಗಡಿಬಿಡಿಯಲ್ಲಿ ಕ್ಲಚ್ ಬಿಟ್ಟು ಗಾಡಿ ನಡುರಸ್ತೆಯಲ್ಲಿ ಬಂದ್ ಬಿತ್ತು. ಮತ್ತೆ ಫೇಲು.

ಇನ್ನು ಒಂದೇ ಸಲ ಉಳಿದಿತ್ತು. ಅದೂ ಆಗದಿದ್ದರೆ ರಂಜಾನ್ ಮುಗಿಯುತ್ತದೆ, ಟೀಚರಮ್ಮ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ. ಅವಳು ಮತ್ತೆ ಮೂರನೆಯ ಮಾಳಿಗೆಯ ಕಿಟಕಿಯಲ್ಲಿ.

ಆ ವಾರ ಒಂದು ಮಧ್ಯಾಹ್ನ ಅವಳ ಫೋನು ಬಂತು. ನಗು ಇರಲಿಲ್ಲ.

"ದೊಡ್ಡಮ್ಮ, ಜಮೀಲಾ ಆಪಾ ಏನಂದ್ಲು ಗೊತ್ತೈತೇನು? ನಿನ್ನ ಕೈ ಯಾರನ್ನೋ ಕರೀತೈತಿ, ಅವರನ್ನ ಕೇಳಿ ಬಾ ಅಂದ್ಲು."

ನಾನು ಸೆರಗಿನಿಂದ ಕೈ ಒರೆಸಿಕೊಂಡೆ.

"ಬಾರಿಸು ಅಂದಾಕಿ ನೀನ. ಬ್ಯಾಡ ಅಂತನೂ ನೀನ ಅನ್ನು. ಒಂದ್ಸಲ ಅಂದುಬಿಡು, ಕೈ ಕೇಳ್ತೈತಿ."

"ರೊಟ್ಟಿ ಹಂಚಿನ ಮ್ಯಾಲೈತವ್ವ, ಆಮ್ಯಾಲೆ ಮಾಡು," ಎಂದು ಫೋನು ಇಟ್ಟೆ. ಒಲೆ ಹೊತ್ತಿರಲಿಲ್ಲ.

ಒಂದು ಮಾತು ಹೇಳುವುದಕ್ಕೆ ಏನು ಕಷ್ಟ ಎಂದು ಅನ್ನಿಸಬಹುದು. ಅವರ ಅಂಗಿಗಳನ್ನು ಕೊಟ್ಟೆ, ಚಪ್ಪಲಿ ಕೊಟ್ಟೆ, ಅವರ ಹಾಸಿಗೆ ಗುರುಶಾಂತನ ಮಕ್ಕಳ ಪಾಲಾಯಿತು. ಉಳಿದದ್ದು ಆ ಸದ್ದು ಒಂದು. ಅದೂ ಇಲ್ಲಿ ಕೇಳುತ್ತಿರಲಿಲ್ಲ, ಎಲ್ಲಿಯೋ ಸಮುದ್ರದಾಚೆ ಒಬ್ಬಳ ಕೈಯಲ್ಲಿತ್ತು. ಕೈಯಲ್ಲಿದ್ದರೆ ಒಂದು ದಿನ ಊರಿಗೆ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

ಮಾರನೆಯ ದಿನ ಲಾಲ್ ಬೀ ಬಂದಳು. ರಂಜಾನಿನ ಉಪವಾಸ, ರೋಜಾ ಹಿಡಿದಿದ್ದಳು, ಒಂದು ಗುಟುಕು ನೀರೂ ಕೇಳಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕೂತು ನನ್ನ ಜೊತೆ ಬೆಳ್ಳುಳ್ಳಿ ಸುಲಿದಳು. ಸುಲಿಯುತ್ತಲೇ ಮಾತು ತೆಗೆದಳು.

"ನೀಲಕ್ಕ, ಅದು ನನ್ನ ಹೊಟ್ಟ್ಯಾಗ ಹುಟ್ಟಿದ್ದು. ನನ್ನ ಮಾತು ಒಂದಿನ ಕೇಳಿಲ್ಲ."

"ಹೂಂ."

"ನಿನ್ನ ಮಾತು ಕೇಳ್ತೈತಿ."

"ನಾ ಏನ್ ಅನ್ನಲೇ ಲಾಲಿ?"

"ನಿನಗ ಗೊತ್ತೈತಿ ಏನ್ ಅನಬೇಕಂತ." ಬೆಳ್ಳುಳ್ಳಿಯ ಸಿಪ್ಪೆಯನ್ನು ಒಟ್ಟು ಮಾಡಿದಳು. "ಮರುಳಣ್ಣ ಇದ್ದಿದ್ರ ಅದನ್ನ ಕಿಟಕ್ಯಾಗ ಕುಂದ್ರಿಸಿ ನೋಡ್ತಿದ್ರೇನು?"

ಅವಳು ಹೋದ ಮೇಲೆ ನಾನೇ ಫೋನು ಮಾಡಿದೆ. ಸೊಸೆ ಸುಕನ್ಯಾ ನಂಬರು ಒತ್ತಿ ಕೊಟ್ಟು ಆಚೆ ಹೋದಳು.

"ಗುಲಫಶಾ, ಕೇಳಿಲ್ಲಿ. ಪರೀಕ್ಷಾ ಎಂದೈತಿ?"

"ಮಂಗಳಾರ. ಇಲ್ಲಿ ಒಂಬತ್ತಕ್ಕ. ನಿಮಗ ಹತ್ತೂವರಿ ಆಗಿರ್ತೈತಿ."

"ನೀ ಗಾಡಿ ಹತ್ತೋ ಹೊತ್ತಿಗೆ ನಾನು ಹಂಚು ಇಟ್ಟಿರ್ತೀನಿ. ನೀ ಯಾವ ತಿರುವಿಗರ ಬಾ, ರೊಟ್ಟಿ ಆಗ್ಲೇ ಹಾಕೀನಿ ಅಂತ ತಿಳಕ. ನೀ ಬರೋದು ನನಗ ಗೊತ್ತೈತಿ. ಹೇಳಬೇಕಾಗಿಲ್ಲ."

ಫೋನನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದೆ.

"ಬಾರಿಸಬ್ಯಾಡ," ಎಂದೆ. "ಇನ್ನ ಬಾರಿಸಬ್ಯಾಡವ್ವ."

"ಹೂಂ ದೊಡ್ಡಮ್ಮ," ಎಂದಳು.

ಮಂಗಳವಾರ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹತ್ತು ಗಂಟೆಗೆಲ್ಲ ಹಿಟ್ಟು ನಾದಿಕೊಂಡೆ. ಮನೆಯಲ್ಲಿ ಎಲ್ಲರದೂ ನಾಷ್ಟಾ ಆಗಿತ್ತು. ಆ ಹೊತ್ತಿನಲ್ಲಿ ರೊಟ್ಟಿ ಯಾರಿಗೂ ಬೇಕಿಲ್ಲ. ಹತ್ತೂವರೆಗೆ ಮೊದಲನೆಯದು ಹಾಕಿದೆ. ಯಾವ ಹಾರ್ನೂ ಇಲ್ಲದೆ ನಾನು ಅವರಿಗೆಂದು ತಟ್ಟುವ ಹಾಗೆ ತಟ್ಟಿ ಹಾಕಿದ್ದು ಅದೇ ಮೊದಲು. ಕೈಗೆ ಗೊತ್ತೇ ಆಗುತ್ತಿರಲಿಲ್ಲ, ಎಷ್ಟು ಬೇಗ, ಎಷ್ಟು ನಿಧಾನ ಎಂದು. ಒಂದು ಉಬ್ಬಿತು, ತೆಗೆದೆ. ಈಗ ತಿರುವು ಬಂದಿರಬಹುದು ಎಂದು ಇನ್ನೊಂದು ಹಾಕಿದೆ. ಇಲ್ಲ, ಈಗ ಬಂದಿರಬಹುದು ಎಂದು ಮತ್ತೊಂದು.

ಸುಕನ್ಯಾ ಬಾಗಿಲಲ್ಲಿ ನಿಂತು ನೋಡಿದಳು. "ಯಾರಿಗ್ರೀ ಅತ್ತಿ ಇಷ್ಟು ರೊಟ್ಟಿ?"

"ಪರೀಕ್ಷಕ್ಕ ಹೋದೋರಿಗೆ."

ಅವಳು ಒಳಗೆ ಬಂದು, ನನ್ನ ಪಕ್ಕದಲ್ಲಿ ಕೂತು, ಬೆಂದ ರೊಟ್ಟಿಗಳನ್ನು ಬುಟ್ಟಿಗೆ ಒಟ್ಟತೊಡಗಿದಳು. ನಾದಿದ ಹಿಟ್ಟು ತೀರುತ್ತ ಬಂದಾಗ ಫೋನು ಬಂತು. ನನ್ನ ಕೈ ತುಂಬ ಹಿಟ್ಟು, ಸುಕನ್ಯಾಳೇ ಕಿವಿಗೆ ಹಿಡಿದಳು.

ಮೊದಲು ಉಸಿರು ಮಾತ್ರ ಕೇಳಿತು. ಆಮೇಲೆ, "ಆತು," ಎಂದಳು ಗುಲಫಶಾ.

"ಏನಾತು?"

"ಪಾಸಾತು. ತಿರುವಿನ್ಯಾಗ ಕೈ ಎದ್ದಿತ್ತು ದೊಡ್ಡಮ್ಮ. ರೊಟ್ಟಿ ಹಾಕ್ಯಾಳ, ರೊಟ್ಟಿ ಹಾಕ್ಯಾಳ ಅಂದ್ಕಂಡೆ. ತಾನ ಇಳೀತು."

ಆ ರೊಟ್ಟಿಗಳನ್ನು ಸಂಜೆ ಖಾಸಿಂ ಸಾಬರ ಮನೆಗೆ ಕಳಿಸಿದೆ. ರೋಜಾ ಬಿಟ್ಟ ಮೇಲೆ ತಿಂದರಂತೆ. ಮಗಳು ಪಾಸಾದರೆ ಅಪ್ಪನಿಗೆ ತಣ್ಣನ ರೊಟ್ಟಿ ಎಂದು ಗೊಣಗಿದರಂತೆ. ಲಾಲ್ ಬೀ ಹೇಳಿದಳು, ಗೊಣಗುತ್ತಲೇ ಒಂದೂ ಉಳಿಸಲಿಲ್ಲ ಎಂದು.

ಹಬ್ಬ ಕಳೆದ ಮೇಲೆ ಅವಳು ಕೆಲಸಕ್ಕೆ ಸೇರಿದಳು. ಹಳದಿ ಗಾಡಿಯ ಮುಂದೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತ ಫೋಟೋ ಕಳಿಸಿದಳು, ಅವಳ ಸುತ್ತ ಚಿಳ್ಳೆಪಿಳ್ಳೆಗಳು. ಫೋನು ಮೊದಲಿನಷ್ಟು ಬರುತ್ತಿರಲಿಲ್ಲ. ಕೆಲಸವಿದ್ದವರಿಗೆ ಪುರುಸೊತ್ತು ಎಲ್ಲಿಂದ. ಮಾಡಿದಾಗ ಮಕ್ಕಳ ಸುದ್ದಿಯೇ ಸುದ್ದಿ. ಯಾವುದು ಗಾಡಿಯಲ್ಲಿ ನಿದ್ದೆ ಹೋಯಿತು, ಯಾವುದು ಬೂಟು ಮರೆತು ಇಳಿಯಿತು.

ಊರಿಗೆ ಬಂದದ್ದು ಹೋದ ವರ್ಷ. ಸಂಜೆ ಬಂದಳು, ಬಂದ ಕೂಡಲೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು, ಲೈಸೆನ್ಸಿನ ಕಾರ್ಡು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅದರಲ್ಲಿ ಅವಳ ಸಣ್ಣ ಮುಖ, ಮೇಲೆ ಏನೋ ಅರಬ್ಬಿ ಬರಹ. ನಾನು ಅದನ್ನು ಅವರ ಫೋಟೋದ ಮುಂದೆ ಇಟ್ಟು, ವಿಭೂತಿ ಹಚ್ಚಿ ವಾಪಸು ಕೊಟ್ಟೆ.

"ನಾಳಿ ಮಧ್ಯಾಹ್ನ ನಮ್ಮ ಗಾಡಿ ತರ್ತೀನಿ ದೊಡ್ಡಮ್ಮ. ಊಟ ಇಲ್ಲೇ," ಎಂದಳು.

ಖಾಸಿಂ ಸಾಬರು ಟ್ರ್ಯಾಕ್ಸನ್ನು ಸಾಯಲು ಬಿಟ್ಟಿರಲಿಲ್ಲ. ಆಗಾಗ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಅವಳು ಬಾಗಿಲು ತೆಗೆದು ಹತ್ತಿ ಕೂತಳಂತೆ. ಕೂತದ್ದು ಎಡಗಡೆ, ಅಲ್ಲಿ ಸ್ಟೇರಿಂಗೇ ಇಲ್ಲ. "ಓಡ್ಸು ಮತ್ತ, ಮಸ್ಕತ್ ಡ್ರೈವರ್," ಎಂದು ಅಪ್ಪ ನಕ್ಕರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನಾನು ಒಲೆಯ ಮುಂದೆ ಇದ್ದೆ. ಪುಂಡಿಪಲ್ಯ ಆಗಿತ್ತು. ಹಂಚು ಕಾದಿತ್ತು. ಹಿಟ್ಟು ನಾದಿ ಮುಚ್ಚಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕೂತಿದ್ದೆ. ಸುಕನ್ಯಾಳಿಗೆ ಟಿವಿ ಆರಿಸು ಎಂದಿದ್ದೆ. ದೂರದಿಂದ ಇಂಜಿನ್ನಿನ ಸದ್ದು ಬಂತು. ಅದರ ಕೆಮ್ಮು ನನಗೆ ಗೊತ್ತು, ಸಾವಿರ ಗಾಡಿಗಳಲ್ಲಿ ಹೇಳುತ್ತೇನೆ. ಗಿರಣಿಯ ಹತ್ತಿರ ಬಂತು. ಗೇರು ಇಳಿಯಿತು. ನಾನು ಹಿಟ್ಟಿನ ಮೇಲಿನ ತಟ್ಟೆ ತೆಗೆದೆ.

ಗಾಡಿ ತಿರುಗಿತು, ಬಂತು, ಬಾಗಿಲಲ್ಲಿ ನಿಂತಿತು. ಅಷ್ಟೇ.

ಅವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು, ನಗುತ್ತ ಒಳಗೆ ಬಂದಳು. ಬಂದವಳು ಬರಿಯ ಹಂಚು ನೋಡಿದಳು. ಹಿಟ್ಟಿನ ಮೇಲೆ ಇಟ್ಟ ನನ್ನ ಕೈ ನೋಡಿದಳು. ನಗು ಅಲ್ಲೇ ನಿಂತಿತು.

"ದೊಡ್ಡಮ್ಮ. ನಾ ಬಾರಿಸ್ಲಿಲ್ಲ."

"ಬ್ಯಾಡ ಅಂದಾಕಿ ನಾನ."

"ನೆಪ್ಪ ಆಗ್ಲಿಲ್ಲ. ಕೈ ಏಳಲೇ ಇಲ್ಲ." ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಗಾಡಿ ತಿರುಗಿಸ್ಕಂಡು ಹೋಗಿ ಮತ್ತ ಬರ್ಲೇನು?"

ಹೋಗಿ ಬಾ ಎನ್ನಬೇಕೆನಿಸಿತು. ಹೋಗಿದ್ದರೆ ಬಾರಿಸುತ್ತಿದ್ದಳು, ನಾನೂ ಕೇಳುತ್ತಿದ್ದೆ. ಅದು ಅವಳು ನನಗಾಗಿ ಬಾರಿಸಿದ್ದಾಗುತ್ತಿತ್ತು. ಅವರದು ಆಗುತ್ತಿರಲಿಲ್ಲ.

"ಕುಂದ್ರು," ಎಂದೆ. "ಹಂಚು ಕಾದೈತಿ."

ಅವಳು ಮಣೆ ಎಳೆದುಕೊಂಡು ಒಲೆಯ ಹತ್ತಿರ ಕೂತಳು. ನಾನು ತಟ್ಟಿ ಹಾಕಿದೆ, ಮೇಲೆ ನೀರು ಸವರಿದೆ. ನಮ್ಮ ಮನೆಯಲ್ಲಿ ರೊಟ್ಟಿಗಾಗಿ ಕೂತು ಕಾದವರನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಯಾವಾಗಲೂ ರೊಟ್ಟಿಯೇ ಅವರಿಗಾಗಿ ಕಾಯುತ್ತಿತ್ತು. ಇಬ್ಬರೂ ಹಂಚನ್ನೇ ನೋಡುತ್ತ ಕೂತೆವು. ಮಸ್ಕತ್ತಿನಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಆದರೆ ರೊಟ್ಟಿ ಬಿರಿಯುತ್ತದೆ ಎಂದಳು. ಬಿಸಿ ನೀರು ಸಾಲದೇನೋ ಎಂದೆ.

ಅಷ್ಟರಲ್ಲಿ ದೊಡ್ಡ ರಸ್ತೆಯ ಕಡೆ ಯಾವುದೋ ಲಾರಿ ಹಾರ್ನ್ ಬಾರಿಸಿತು. ಇಬ್ಬರ ತಲೆಗಳೂ ಒಟ್ಟಿಗೇ ಎದ್ದವು. ಒಂದೇ ಉದ್ದ, ಆಮೇಲೆ ಏನೂ ಇಲ್ಲ.

"ನಮ್ಮದಲ್ಲ," ಎಂದಳು ಗುಲಫಶಾ.

"ನಮ್ಮದಲ್ಲ," ಎಂದು ನಾನು ರೊಟ್ಟಿ ತಿರುವಿ ಹಾಕಿದೆ.